ಕೈಯಿಂದ ಕೈಗೆ ಕೊಡದ ಚಾಕು

ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಯಶವಂತಪುರದ ಮೆಟ್ರೋ ನಿಲ್ದಾಣದಲ್ಲಿ ತಪಾಸಣೆಗೆ ನಿಂತಿದ್ದೆ. ನನ್ನ ಚೀಲ ಯಂತ್ರದೊಳಗೆ ಹೋಗಿ ಆಚೆ ಬಂತು. ಪರದೆ ನೋಡುತ್ತಿದ್ದ ಹುಡುಗಿ ಕೈ ಎತ್ತಿ ನನ್ನನ್ನು ನಿಲ್ಲಿಸಿದಳು.

"ತಾತ, ಬ್ಯಾಗಲ್ಲಿ ಚಾಕು ಇದೆ. ಯಾಕೆ?"

"ಹಣ್ಣು ಕೊಯ್ಯೋಕಮ್ಮ."

"ಹಣ್ಣೆಲ್ಲಿ?"

ಚೀಲದಲ್ಲಿ ಹಣ್ಣಿರಲಿಲ್ಲ. ಕನ್ನಡಕದ ಡಬ್ಬಿ, ನೀರಿನ ಬಾಟಲಿ, ಈ ಚಾಕು, ಅಷ್ಟೇ. ಅವಳು ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದಳು. ತೆರೆಯಲು ನೋಡಿದಳು, ಬರಲಿಲ್ಲ. "ಚೆನ್ನಾಗಿದೆ, ಹಳೇ ಕಾಲದ ಪೀಸು. ಆದ್ರೆ ಬಿಡೋ ಹಂಗಿಲ್ಲ ತಾತ. ಇಲ್ಲೇ ಬಿಟ್ಟು ಹೋಗಿ, ಇಲ್ಲಾಂದ್ರೆ ಬಸ್ಸಿಗೆ ಹೋಗಿ" ಎಂದಳು. ಆಮೇಲೆ ಸುಮ್ಮನೆ ಮಾತಿಗೆ ಎಂಬಂತೆ, "ನಿಮ್ದೇನಾ ಇದು?" ಎಂದು ಕೇಳಿದಳು.

"ಅಲ್ಲ" ಎಂದೆ.

ನನ್ನ ಬಾಯಿಂದ ಆ ಮಾತು ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಬಂದದ್ದು. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಹುಡುಗಿ ಚಾಕುವನ್ನು ನನ್ನ ಕೈಗೆ ಕೊಡಲು ಚಾಚಿದಳು. "ಟ್ರೇ ಒಳಗಿಡಮ್ಮ, ನಾನೇ ತಗೋತೀನಿ" ಎಂದೆ. ವಿಚಿತ್ರವಾಗಿ ನೋಡಿ ಟ್ರೇಯಲ್ಲಿ ಇಟ್ಟಳು. ಎತ್ತಿಕೊಂಡು ಬಸ್ ಸ್ಟಾಪಿಗೆ ನಡೆದೆ.

ಅದು ಯಾರದು ಎಂಬುದನ್ನು ಬರೆಯಬೇಕು. ಅವರ ಹೆಸರು ಬರೆಯುವುದಿಲ್ಲ. ಆ ಹೆಸರಿಗೆ ನಾನು ಮಾಡಿದ್ದು ಸಾಕು. ಬದುಕಿದ್ದಾಗ ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆ. ಇಲ್ಲೂ ಹಾಗೇ ಕರೆಯುತ್ತೇನೆ.

ಯಶವಂತಪುರದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಕೊಡಿಗೇಹಳ್ಳಿಯ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ ಗೇಟ್ ಕಾಯುವ ಕೆಲಸಕ್ಕೆ ಸೇರಿದೆ. ಹತ್ತನೇ ತರಗತಿ ಪಾಸಾಗಿದ್ದೆ, ಅಕ್ಷರ ಗುಂಡಗಿದ್ದವು. ಹಾಗಾಗಿ ರಿಜಿಸ್ಟರ್ ನನ್ನ ಪಾಲಿಗೆ ಬಂತು. ಬಂದವರ ಹೆಸರು, ಫ್ಲ್ಯಾಟಿನ ನಂಬರು, ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು. ಕೆಲಸದವರು ಹೊರಗೆ ಹೋಗುವಾಗ ಅವರ ಚೀಲ ನೋಡುವುದೂ ನನ್ನ ಕೆಲಸ. ಅಣ್ಣ ಅಲ್ಲಿನ ತೋಟದ ಮಾಲಿ. ನನಗಿಂತ ಹತ್ತು ವರ್ಷ ದೊಡ್ಡವರು. ಕೊಡಿಗೇಹಳ್ಳಿಯ ಹಳೇ ಊರಿನವರೇ. ಆ ಅಪಾರ್ಟ್‌ಮೆಂಟ್ ಎದ್ದ ಜಾಗದಲ್ಲಿ ಹಿಂದೆ ದ್ರಾಕ್ಷಿ ಚಪ್ಪರ ಇತ್ತಂತೆ. ಆ ಚಪ್ಪರದಲ್ಲಿ ಬಳ್ಳಿ ಸವರುವ ಕೆಲಸಕ್ಕೆ ಅವರು ಹದಿನಾರನೇ ವಯಸ್ಸಿಗೆ ಸೇರಿದ್ದರು. ಚಪ್ಪರ ಹೋಗಿ ಲಿಫ್ಟು ಬಂದರೂ ಅವರು ಅದೇ ಮಣ್ಣಿನ ಮೇಲೆ ಉಳಿದರು.

"ಈ ಸಿ ಬ್ಲಾಕ್ ಐತಲ್ಲ, ಇಲ್ಲಿ ಬಾಳ ಸೀ ದ್ರಾಕ್ಷಿ ಬತ್ತಿತ್ತು" ಎನ್ನುತ್ತಿದ್ದರು. "ಎ ಬ್ಲಾಕ್ ದ್ರಾಕ್ಷಿ ವಸಿ ಹುಳಿ." ಎ ಬ್ಲಾಕಿನ ಜನರ ಮೇಲೆ ಏನಾದರೂ ಸಿಟ್ಟಿದ್ದ ದಿನ ಈ ಮಾತು ಬರುತ್ತಿತ್ತು.

ಚಾಕು ಅವರಿಗೆ ಸೋದರಮಾವ ಕೊಟ್ಟದ್ದು. ಯಲಹಂಕದ ಕಡೆಯ ಒಬ್ಬ ಕಮ್ಮಾರ ಕಬ್ಬಿಣ ಉಜ್ಜುವ ಹಳೆಯ ಅರ ಒಂದನ್ನು ಕಾಯಿಸಿ ಬಡಿದು ಅಲಗು ಮಾಡಿದ್ದನಂತೆ. ಹಿಡಿ ಎಮ್ಮೆಯ ಕೊಂಬಿನದು, ಮೂರು ಹಿತ್ತಾಳೆಯ ಮೊಳೆ. ಮಡಚಿದರೆ ಅಂಗೈಯೊಳಗೆ ಮುಚ್ಚಿಹೋಗುತ್ತದೆ. ಐವತ್ತು ವರ್ಷ ಮಸೆದು ಮಸೆದು ಅಲಗಿನ ಹೊಟ್ಟೆ ಸವೆದು ಒಳಕ್ಕೆ ಬಾಗಿದೆ. ಕೊಂಬಿನ ಮೇಲೆ ಹೆಬ್ಬೆರಳು ಕೂರುವ ಕಡೆ ಒಂದು ಗುಳಿ ಬಿದ್ದಿದೆ. ಆ ಗುಳಿ ಅವರ ಬೆರಳಿನ ಅಳತೆಯದು. ನನ್ನ ಬೆರಳು ಇವತ್ತಿಗೂ ಅದರಲ್ಲಿ ಸರಿಯಾಗಿ ಕೂರುವುದಿಲ್ಲ.

ಅಲಗನ್ನು ತೆರೆಯಲು ಅದರ ಬೆನ್ನಿನ ಹತ್ತಿರ ಒಂದು ಸಣ್ಣ ಗೀರು ಇದೆ. ಅದಕ್ಕೆ ಉಗುರು ಸಿಕ್ಕಿಸಿ ಎಳೆಯಬೇಕು. ಅಣ್ಣ ಬಲಗೈಯ ಹೆಬ್ಬೆರಳಿನ ಉಗುರನ್ನು ಅದಕ್ಕೆಂದೇ ಬೆಳೆಸಿದ್ದರು. ಉಳಿದ ಒಂಬತ್ತು ಉಗುರು ಮಣ್ಣಿನಲ್ಲಿ ಸವೆದು ಮೊಂಡಾಗಿದ್ದವು, ಅದೊಂದು ಮಾತ್ರ ಉದ್ದ. ಮುಚ್ಚುವಾಗ ಟಕ್ ಎಂದು ಒಂದೇ ಸದ್ದು. ಗೇಟಿನಲ್ಲಿ ಕೂತಿದ್ದ ನನಗೆ ಅದು ಗಿಡಗಳ ಸಂದಿಯಿಂದ ಕೇಳಿಸುತ್ತಿತ್ತು. ಅಣ್ಣ ಎಲ್ಲಿದ್ದಾರೆ ಎಂದು ತಿಳಿಯಲು ನೋಡಬೇಕಾಗಿರಲಿಲ್ಲ.

ಅದನ್ನು ಅವರು ಲುಂಗಿಯ ಒಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ ಇಡುತ್ತಿದ್ದರು. ತೆಗೆಯಬೇಕಾದರೆ ಲುಂಗಿ ಎತ್ತಬೇಕು. ಕಸ ಗುಡಿಸುವ ಹೆಂಗಸರು ಬೇಕೆಂದೇ ಕೇಳುತ್ತಿದ್ದರು: "ಯಜಮಾನ್ರೇ, ವಸಿ ಚಾಕು ಕೊಡಿ." ಇವರು ಅತ್ತ ತಿರುಗಿ ತೆಗೆಯುತ್ತಿದ್ದರು. "ನಗ್ರವ್ವ ನಗ್ರಿ, ನಿಮ್ ಗಂಡಂದ್ರ ಜೋಬಲ್ಲಿ ಏನೈತೆ? ಬೀಡಿ ಕಟ್ಟು" ಎನ್ನುತ್ತಿದ್ದರು.

ಹನ್ನೊಂದು ಗಂಟೆಗೆ ಗೇಟಿನ ಹತ್ತಿರ ಬಂದು ಒಂದು ಸೀಬೆಹಣ್ಣು ಕೊಯ್ಯುವುದು ಅವರ ರೂಢಿ. ಎಷ್ಟು ಜನ ಇದ್ದೇವೆ ಎಂದು ಒಂದು ಸಲ ನೋಡಿ, ಅಷ್ಟೇ ಹೋಳು ಮಾಡುತ್ತಿದ್ದರು. ಯಾವ ಹೋಳೂ ಇನ್ನೊಂದಕ್ಕಿಂತ ದೊಡ್ಡದಿರುತ್ತಿರಲಿಲ್ಲ. ಕೊಯ್ದ ಮೇಲೆ ಅಲಗನ್ನು ಲುಂಗಿಯ ಅಂಚಿಗೆ ಎರಡು ಸಲ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮಡಚುವುದು. ಒದ್ದೆ ಇದ್ದಾಗ ಮಡಚಿದರೆ ಚಾಕುವಿಗೆ ನೆಗಡಿ ಆಗುತ್ತದೆ ಎನ್ನುತ್ತಿದ್ದರು. ಕಸದ ಹೆಂಗಸಿನ ಅಂಗೈಗೆ ನೆಟ್ಟ ಗುಲಾಬಿ ಮುಳ್ಳು, ಪಾರ್ಸಲ್ಲಿನ ಪಟ್ಟಿ, ತೊಗಲು ಚಪ್ಪಲಿಯ ತೂತು, ಎಲ್ಲಕ್ಕೂ ಅದೇ ಚಾಕು. ಶಾಲೆಯಿಂದ ಬಂದ ಮಕ್ಕಳು ಪೆನ್ಸಿಲ್ ಹಿಡಿದುಕೊಂಡು ಬರುತ್ತಿದ್ದರು. ಮನೆಯಲ್ಲಿ ಶಾರ್ಪ್ನರ್ ಇರುವ ಮಕ್ಕಳೇ. ಆದರೂ ತಾತನ ಕೈಯಲ್ಲಿ ಕೆತ್ತಿಸಿಕೊಂಡರೆ ಮೊನೆ ಮುರಿಯುವುದಿಲ್ಲ ಎಂದು ಅವರ ನಂಬಿಕೆ. ಸೆಕ್ರೆಟರಿಯ ಮಗಳು, ಎರಡನೇ ಕ್ಲಾಸಿನ ಹುಡುಗಿ, ದಿನಾ ಬರುತ್ತಿದ್ದಳು.

ಅವರು ಕಸಿ ಕಟ್ಟುವುದನ್ನು ನೋಡಬೇಕಿತ್ತು. ಮಾವಿನ ಕಡ್ಡಿಯನ್ನು ಓರೆಯಾಗಿ ಕೊಯ್ಯುವಾಗ ಮಾತು ನಿಲ್ಲಿಸಿಬಿಡುತ್ತಿದ್ದರು. "ಒಂದೇ ಏಟ್ಗೆ ಕೊಯ್ಬೇಕು ಕಣಪ್ಪ. ಎಲ್ಡನೇ ಸಲ ಎಳುದ್ಯೋ, ಇವ್ನಿಗೆ ಅನುಮಾನ ಐತೆ ಅಂತ ಗಿಡಕ್ಕೆ ಗೊತ್ತಾಗೋಯ್ತದೆ. ಅಂಟ್ಕಳಕಿಲ್ಲ." ಕೊಯ್ದ ಎರಡನ್ನೂ ಜೋಡಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದ ಮೇಲೆ ತಿಂಗಳು ಎಣಿಸುತ್ತಿದ್ದರು. ಮೂರು ತಿಂಗಳಿಗೆ ಪಟ್ಟಿಯನ್ನು ಸೀಳಿ ತೆಗೆಯಲೇಬೇಕು. "ಇಲ್ದಿದ್ರೆ ಕಾಪಾಡಕೆ ಕಟ್ಟಿದ್ದೇ ಕತ್ತು ಇಸುಕ್ತದೆ."

ಅವರದೊಂದು ಕಟ್ಟುಪಾಡು ಇತ್ತು. ಚಾಕುವನ್ನು ಯಾರಿಗೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕೇಳಿದರೆ ಮಡಚಿ ಕಟ್ಟೆಯ ಮೇಲೋ ನೆಲದ ಮೇಲೋ ಇಡುತ್ತಿದ್ದರು. ನಾವು ಎತ್ತಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ನಾವೂ ಹಾಗೇ ಇಡಬೇಕು. ನಮ್ಮ ಅಮೃತಹಳ್ಳಿಯ ಮನೆಯಲ್ಲೂ ಉಪ್ಪು, ಮೆಣಸಿನಕಾಯಿ, ಚಾಕು ಕೈಗೆ ಕೊಡಬಾರದು, ಜಗಳ ಆಗುತ್ತದೆ ಎನ್ನುತ್ತಿದ್ದರು. ಆದರೆ ಯಾರೂ ಇವರಷ್ಟು ಕಟ್ಟುನಿಟ್ಟಾಗಿ ಪಾಲಿಸಿದ್ದನ್ನು ನಾನು ಕಂಡಿಲ್ಲ.

"ಯಾಕಣ್ಣ, ನಾನು ನಿಮ್ ಜೊತೆ ಜಗಳ ಆಡ್ತೀನಾ?" ಎಂದು ಒಮ್ಮೆ ಕೇಳಿದ್ದೆ.

"ನೀನ್ ಆಡಾಕಿಲ್ಲ ಕಣಪ್ಪ. ಅದು ಆಡಿಸ್ತದೆ."

ನನಗೆ ಆ ಚಾಕುವಿನ ಮೇಲೆ ಆಸೆ ಹುಟ್ಟಿತ್ತು. ಇದನ್ನು ಮೃದು ಮಾಡಿ ಹೇಳುವುದಿಲ್ಲ. ಅದರ ಹಾಗೇ ಇರುವುದೊಂದನ್ನು ಯಶವಂತಪುರದ ಸಂತೆಯಲ್ಲಿ ಹುಡುಕಿ ತಂದೆ. ಹೊಳೆಯುವ ಸ್ಟೀಲು, ಕೆಂಪು ಹಿಡಿ. ಎರಡು ವಾರಕ್ಕೆ ಮೊಳೆ ಸಡಿಲಾಗಿ ಅಲಗು ಜೋತುಬಿತ್ತು. ಅಣ್ಣ ಅದನ್ನು ಅಲ್ಲಾಡಿಸಿ ನೋಡಿ, "ಇದು ತಲೆ ಆಡಿಸ್ತದಲ್ಲೋ, ಏನೇಳಿದ್ರೂ ಊಂ ಅಂತದೆ" ಎಂದು ನಕ್ಕರು. ನಾನೂ ನಕ್ಕೆ. ಆ ನಗುವಿನ ಕೆಳಗೆ ಏನಿತ್ತು ಎಂದು ನನಗೆ ಗೊತ್ತು. ಅವರು ಹಣ್ಣು ಕೊಯ್ಯುವಾಗ ನಾನು ಹಣ್ಣನ್ನು ನೋಡುತ್ತಿರಲಿಲ್ಲ.

ತೋಟದ ಮಧ್ಯೆ ಒಂದು ಮಾವಿನ ಮರ. ಅದರ ಕೊಂಬೆಗೆ ಸೆಕ್ರೆಟರಿಯವರು ಮಗಳಿಗಾಗಿ ನೈಲಾನ್ ಹಗ್ಗದ ಉಯ್ಯಾಲೆ ಹಾಕಿಸಿದ್ದರು. ಹಗ್ಗದ ಒಂದು ತುದಿ ಕೊಂಬೆಯ ಮೇಲಿಂದ ಇಳಿದು ಬಂದು ಬೊಡ್ಡೆಗೆ, ಎದೆಯ ಎತ್ತರದಲ್ಲಿ, ಗಂಟು ಬಿದ್ದಿತ್ತು. ಮಿಕ್ಕ ಹಗ್ಗ ಸುರುಳಿಯಾಗಿ ಗಂಟಿನ ಕೆಳಗೆ ನೇತಾಡುತ್ತಿತ್ತು. ಹಗ್ಗ ಉಜ್ಜಿ ಕೊಂಬೆಯ ತೊಗಟೆ ಸುಲಿಯುತ್ತಿದೆ ಎಂದು ಅಣ್ಣನಿಗೆ ಸಂಕಟ. ಸೆಕ್ರೆಟರಿಗೆ ಎರಡು ಸಲ ಹೇಳಿದರು. ಅವರು ಕೇಳಲಿಲ್ಲ. "ಒಂದಿನ ನಾನೇ ಬಿಚ್ಚಾಕ್ತೀನಿ" ಎಂದು ಗೇಟಿನ ಹತ್ತಿರ ನಾಲ್ಕು ಜನರ ಮುಂದೆ ಗೊಣಗಿದ್ದರು. ಆ ನಾಲ್ಕು ಜನಕ್ಕೂ ಅದು ಆಮೇಲೆ ನೆನಪಾಯಿತು.

ಒಂದು ಶನಿವಾರ ಸಂಜೆ ಗಾಳಿಗೆ ಗೇಟಿನ ಅಡ್ಡಕೋಲು ಕಿತ್ತು ಕೆಳಗೆ ಬಿತ್ತು. ಕಾರುಗಳು ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ಕೋಲನ್ನು ಎತ್ತಿ ಕಂಬಕ್ಕೆ ಕಟ್ಟಲು ಹಗ್ಗ ಬೇಕಿತ್ತು. ನಾನು ಮಾವಿನ ಮರಕ್ಕೆ ಓಡಿದೆ. ಅಣ್ಣ ಅದೇ ಮರದ ಆಚೆ ಬದಿ ಏಣಿಯ ಮೇಲೆ ನಿಂತು ಒಂದು ಕೊಂಬೆಗೆ ಹೊಸ ಕಸಿ ಕಟ್ಟುತ್ತಿದ್ದರು. ಎಡಗೈಯಲ್ಲಿ ಜೋಡಿಸಿದ ಕಡ್ಡಿ ಹಿಡಿದಿದ್ದರು, ಬಲಗೈಯಲ್ಲಿ ಪಟ್ಟಿ ಸುತ್ತುತ್ತಿದ್ದರು.

"ಅಣ್ಣ, ಚಾಕು ಕೊಡಿ."

"ಇರು, ಇದೊಂದು ಸುತ್ಬುಟ್ಟು ಇಳೀತೀನಿ."

"ಅಲ್ಲಿ ಎಂಟು ಕಾರು ನಿಂತವೆ ಅಣ್ಣ. ಹಂಗೇ ಕೊಡಿ."

ಅವರು ಹಾರ್ನ್ ಕೇಳಿಸಿಕೊಂಡರು. ನನ್ನ ಮುಖ ನೋಡಿದರು. ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಲಗೈಯಿಂದ ಜೇಬು ತಡಕಿ, ಎರಡು ಬೆರಳಲ್ಲಿ ಚಾಕು ಹಿಡಿದು ಕೆಳಗೆ ಚಾಚಿದರು. ನಾನು ಕೈ ಎತ್ತಿ ತೆಗೆದುಕೊಂಡೆ. ಹಲ್ಲಿನಿಂದ ಪಟ್ಟಿ ಬಿಟ್ಟ ಮೇಲೆ ಅವರು ಹೇಳಿದ್ದು ಇಷ್ಟೇ: "ಇಂಗೆ ಕೊಡಬಾರದಾಗಿತ್ತು ಕಣೋ."

ನಾನು ಆಗಲೇ ಮರದ ಈಚೆ ಬದಿಗೆ ಬಂದಿದ್ದೆ. ಉಯ್ಯಾಲೆಯ ಮಿಕ್ಕ ಹಗ್ಗವನ್ನು ಗಂಟಿನ ಪಕ್ಕದಲ್ಲೇ ಕೊಯ್ದೆ. ಇನ್ನೂ ಒಂದು ಗೇಣು ಬಿಟ್ಟು ಕೊಯ್ಯಬಹುದಿತ್ತು. ಚಾಕು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಅದು ನನ್ನ ಕೈಯಲ್ಲಿ ಹಾಗೆ ಕೊಯ್ದದ್ದೇ ಒಂದು ಸುಖವಾಗಿತ್ತು. ನೈಲಾನ್ ಜಾರುವ ಹಗ್ಗ, ಗಂಟಿಗೆ ಬಾಲ ಉದ್ದ ಇರಬೇಕು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಸಾಮಾನು ಕಟ್ಟಿದವನು ನಾನು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ.

ಅಡ್ಡಕೋಲು ಕಟ್ಟಿ, ಕಾರು ಬಿಟ್ಟು, ಪಾಳಿ ಮುಗಿಸಿ ಮನೆಗೆ ಹೊರಟೆ. ಚಾಕು ಪ್ಯಾಂಟಿನ ಜೇಬಿನಲ್ಲಿತ್ತು. ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಒಂದು ರಾತ್ರಿ ಇರಲಿ, ನಾಳೆ ಕೊಟ್ಟರಾಯಿತು ಎಂದುಕೊಂಡಿದ್ದೆ. ಊಟಕ್ಕೆ ಕೂತಾಗ ಸೌತೆಕಾಯಿಯನ್ನು ಅದರಲ್ಲೇ ಹೆಚ್ಚಿದೆ. ಹೆಂಡತಿ ನೋಡಿ, "ಯಾರ್ದು ಅದು?" ಎಂದಳು.

"ನಂದೇ" ಎಂದೆ.

ಮಾರನೇ ದಿನ ಭಾನುವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಮಕ್ಕಳ ಕಿರುಚಾಟ ಕೇಳಿ ಓಡಿದೆ. ಸೆಕ್ರೆಟರಿಯ ಮಗಳು ಮಾವಿನ ಬುಡದಲ್ಲಿ ಬಿದ್ದಿದ್ದಳು. ಮೊಣಕೈ ಅಡ್ಡಕ್ಕೆ ತಿರುಗಿತ್ತು. ಗಂಟಿನಿಂದ ಜಾರಿ ಬಂದ ಹಗ್ಗ ಅವಳ ಮೇಲೆ ಬಿದ್ದಿತ್ತು. ಅವಳನ್ನು ತಾಯಿ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸೆಕ್ರೆಟರಿ ಹಗ್ಗದ ತುದಿ ಎತ್ತಿ ಹಿಡಿದರು. ಸವೆದು ಹರಿದ ತುದಿಯಲ್ಲ. ನುಣ್ಣಗೆ, ಒಂದೇ ಏಟಿಗೆ ಕೊಯ್ದ ತುದಿ.

ಅಣ್ಣನನ್ನು ಕರೆಸಿದರು. ಇಪ್ಪತ್ತು ಜನ ಸುತ್ತ ನಿಂತಿದ್ದರು. ನಾನು ಅಣ್ಣನ ಎದುರಿಗೆ, ಹತ್ತು ಅಡಿ ದೂರದಲ್ಲಿ ನಿಂತಿದ್ದೆ.

"ಬಿಚ್ಚಾಕ್ತೀನಿ ಅಂದಿದ್ದೆ ಅಲ್ವಾ? ಬಿಚ್ಚೋ ಬದಲು ಕುಯ್ದೆ" ಎಂದರು ಸೆಕ್ರೆಟರಿ. ಅಷ್ಟು ದಿನ 'ನೀವು' ಎನ್ನುತ್ತಿದ್ದವರು. "ಒಂದು ಮಗು ಕಣಯ್ಯ ಅದು. ನಿನ್ನ ಹತ್ರ ಪೆನ್ಸಿಲ್ ತರ್ತಿದ್ದ ಮಗು."

"ನಾನ್ ಕುಯ್ದಿಲ್ಲ ಸ್ವಾಮಿ."

"ಇಲ್ಲಿ ಇಷ್ಟು ಚೂಪಾದ ಚಾಕು ಇನ್ಯಾರ ಹತ್ರ ಇದೆ? ತೆಗಿ, ಎಲ್ಲಿ ನಿನ್ನ ಚಾಕು?"

ಅಣ್ಣನ ಕೈ ಅಭ್ಯಾಸದಿಂದ ಜೇಬಿನ ಕಡೆ ಹೋಯಿತು. ಅಲ್ಲೇ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ಒಂದೇ ಸಲ. ಸಿಟ್ಟಿನ ನೋಟವಲ್ಲ ಅದು. ಬಾಗಿಲು ತೆರೆದು ಹಿಡಿದು, ಮೊದಲು ನೀನು ನಡೆ ಎಂದು ದಾರಿ ಬಿಟ್ಟ ಹಾಗಿತ್ತು. ನನ್ನ ತೊಡೆಗೆ ಚಾಕು ತಾಗುತ್ತಿತ್ತು. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ನನ್ನ ತಲೆಗೆ ಬಂದದ್ದು ಬೇರೆ. ಈಗ ಬಾಯಿ ಬಿಟ್ಟರೆ ಚಾಕು ವಾಪಸು ಕೊಡಬೇಕಾಗುತ್ತದೆ. ಆ ಯೋಚನೆ ಬಂದದ್ದು ನಿಜ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅಣ್ಣ ನನ್ನಿಂದ ಕಣ್ಣು ತೆಗೆದರು. "ಎಲ್ಲೋ ಬಿದ್ದೋಯ್ತು ಸ್ವಾಮಿ" ಎಂದರು.

"ನೋಡಿದ್ರಾ? ಬಚ್ಚಿಟ್ಟಿದ್ದಾನೆ" ಎಂದು ಯಾರೋ ಹೇಳಿದರು. ಅಲ್ಲಿಗೆ ಮುಗಿಯಿತು.

ಅವರನ್ನು ಆ ಹೊತ್ತೇ ಕೆಲಸದಿಂದ ತೆಗೆದರು. ಹೊರಗೆ ಹೋಗುವವರ ಚೀಲ ನೋಡಲೇಬೇಕು, ಎಲ್ಲರೂ ನೋಡುತ್ತಿದ್ದಾರೆ. ಅಣ್ಣ ಗೇಟಿಗೆ ಬಂದು, ಚೀಲವನ್ನು ಮೇಜಿನ ಮೇಲೆ ಇಟ್ಟು, ತಾವೇ ಬಾಯಿ ಬಿಡಿಸಿ ಹಿಡಿದರು.

"ನೋಡಪ್ಪ. ಸರಿಯಾಗಿ ನೋಡು."

ಅವರ ಚಾಕುವನ್ನು ಜೇಬಿನಲ್ಲಿ ಇಟ್ಟುಕೊಂಡು ಅವರ ಚೀಲದೊಳಗೆ ಕೈ ಹಾಕಿದೆ. ಊಟದ ಡಬ್ಬಿ, ಟವಲು, ಕಸಿಯ ಪಟ್ಟಿಯ ಉಂಡೆ. ತಳದಲ್ಲಿ ನಾಲ್ಕು ಮೊಂಡು ಪೆನ್ಸಿಲ್ಲು. ಅಣ್ಣ ಅವನ್ನು ತೆಗೆದು ಮೇಜಿನ ಮೇಲಿಟ್ಟರು. "ನೆನ್ನೆ ಸಂಜೆ ಕೊಟ್ಟಿತ್ತು ಆ ಮಗು. ಕೆತ್ತಕೆ ಆಗ್ಲಿಲ್ಲ. ವಾಸಿಯಾಗಿ ಬಂದ್ಮೇಲೆ ಕೊಟ್ಬುಡು." ನಾನು ರಿಜಿಸ್ಟರಿನಲ್ಲಿ ಗುಂಡಗೆ ಅವರ ಹೆಸರು ಬರೆದೆ. ಹೊರಗೆ ಹೋದ ಹೊತ್ತು ಹನ್ನೊಂದು ನಲವತ್ತು.

ಪೆನ್ಸಿಲ್ಲುಗಳನ್ನು ಹಾಗೇ ಮೊಂಡಾಗಿ ಹಿಂದಿರುಗಿಸಿದೆ.

ಸುತ್ತಮುತ್ತ ಯಾವ ಅಪಾರ್ಟ್‌ಮೆಂಟಿನವರೂ ಆಮೇಲೆ ಅವರನ್ನು ಸೇರಿಸಲಿಲ್ಲ. ಮಗುವಿನ ಕೈ ಮುರಿದವನು ಎಂಬ ಹೆಸರು ಅವರಿಗಿಂತ ಮೊದಲೇ ಗೇಟು ತಲುಪುತ್ತಿತ್ತು. ಅವರು ಮನೆಯ ಜಗಲಿಯ ಮೇಲೆ ಕೂತಿರುತ್ತಾರೆ ಎಂದು ಕಸದ ಹೆಂಗಸರು ಹೇಳುತ್ತಿದ್ದರು. ಆ ಬೀದಿ ನನ್ನ ದಾರಿಯಲ್ಲೇ ಇತ್ತು. ನಾನು ರೈಲ್ವೆ ಹಳಿಯ ಕಡೆಯಿಂದ ಸುತ್ತು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಬೇಕೆಂದರೆ ಹತ್ತು ನಿಮಿಷದಲ್ಲಿ ಹೋಗಿ ಆ ಜಗಲಿಯ ಮೇಲೆ ಚಾಕು ಇಟ್ಟು ಬರಬಹುದಿತ್ತು. ಮೂರು ವರ್ಷ ಸುತ್ತು ಹಾಕಿದೆ.

ಅವರು ಅವತ್ತು ಕಟ್ಟಿದ ಕಸಿ ಅಂಟಿಕೊಂಡಿತ್ತು. ಗೇಟಿನಿಂದ ನನಗೆ ಕಾಣುತ್ತಿತ್ತು. ತಾಮ್ರದ ಬಣ್ಣದ ನಾಲ್ಕೆಲೆ ಬಿಟ್ಟಿತು, ಎಂಟಾಯಿತು. ಮೂರು ತಿಂಗಳಾಯಿತು, ಪಟ್ಟಿ ಸೀಳುವವರಿಲ್ಲ. ಸೀಳುವ ಚಾಕು ನನ್ನ ಜೇಬಿನಲ್ಲಿತ್ತು. ಅಲ್ಲಿ ಅದನ್ನು ತೆರೆದರೆ ಯಾರಾದರೂ ನೋಡುತ್ತಾರೆ. ಬ್ಲೇಡ್ ತಂದು ಸೀಳಬಹುದಿತ್ತು, ಅದೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಏಣಿ ಹತ್ತಲಿಲ್ಲ. ಪಟ್ಟಿಯ ಮೇಲೆ ಕೊಂಬೆ ಊದಿಕೊಂಡಿತು. ಬೇಸಿಗೆಗೆ ಎಲೆ ಮುದುರಿದವು. ದಿನಾ ನೋಡುತ್ತ ಕೂತಿದ್ದೆ.

ಮೂರನೇ ವರ್ಷ ಅಣ್ಣ ತೀರಿಕೊಂಡರು. ಹೋದೆ. ಜನರ ಹಿಂದೆ ನಿಂತೆ. ಮನೆಯ ಮುಂದೆ ಮಲಗಿಸಿದ್ದರು. ಕೈಗಳನ್ನು ಎದೆಯ ಮೇಲೆ ಸೇರಿಸಿ ಹೆಬ್ಬೆರಳುಗಳಿಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿದ್ದರು, ಕಸಿಗೆ ಸುತ್ತಿದ ಹಾಗೆ. ಆ ಪಟ್ಟಿಯ ಮೇಲೆ ಬಲಗೈಯ ಉಗುರು ಎದ್ದು ಕಾಣುತ್ತಿತ್ತು. ಉದ್ದವಾಗಿ, ನೀಟಾಗಿ, ಅಂಚು ಉಜ್ಜಿ ಇಟ್ಟುಕೊಂಡ ಉಗುರು. ತೆರೆಯಲು ಚಾಕುವೇ ಇಲ್ಲದೆ ಮೂರು ವರ್ಷ ಅದನ್ನು ಹಾಗೇ ಇಟ್ಟುಕೊಂಡಿದ್ದರು.

ಅವತ್ತಿನಿಂದ ನನಗೆ ಆ ಸದ್ದು ಕೇಳಿಸುತ್ತದೆ. ಪಕ್ಕದ ಮನೆಯವರು ಸ್ವಿಚ್ ಒತ್ತಿದರೆ, ಬಸ್ಸಿನಲ್ಲಿ ಯಾರಾದರೂ ಕನ್ನಡಕದ ಡಬ್ಬಿ ಮುಚ್ಚಿದರೆ, ಟಕ್. ತಲೆ ಎತ್ತಿ ಗಿಡ ಹುಡುಕುತ್ತೇನೆ. ಚಾಕುವನ್ನು ಬಿಸಾಡಲು ಹೆಬ್ಬಾಳ ಕೆರೆಯವರೆಗೂ ಹೋದೆ, ಎಸೆಯಲು ಕೈ ಬರಲಿಲ್ಲ. ಮನೆಯಲ್ಲಿ ಬಿಟ್ಟು ಹೋದರೆ ದಿನವಿಡೀ ತೊಡೆ ಹಗುರಾಗಿ ಹೆಜ್ಜೆ ತಪ್ಪುತ್ತಿತ್ತು. ಮಸೆಯುತ್ತಿದ್ದೆ, ಎಣ್ಣೆ ಹಾಕುತ್ತಿದ್ದೆ, ಒದ್ದೆ ಇದ್ದಾಗ ಮಡಚುತ್ತಿರಲಿಲ್ಲ. ಯಾವಾಗಲೋ ನೋಡಿಕೊಂಡರೆ ನನ್ನ ಬಲಗೈ ಹೆಬ್ಬೆರಳಿನ ಉಗುರೂ ಬೆಳೆದಿತ್ತು. ಹೆಂಡತಿ ಸಾಯುವ ಮುಂಚೆ ಒಮ್ಮೆ ಕೇಳಿದಳು, "ಅದೇನ್ರೀ, ಆ ಚಾಕು ಒರೆಸ್ತಾ ಅಳ್ತೀರಿ?" ಈರುಳ್ಳಿ ಎಂದೆ. ಮನೆಯಲ್ಲಿ ಅವತ್ತು ಈರುಳ್ಳಿ ಹೆಚ್ಚಿರಲಿಲ್ಲ.

ಮೆಟ್ರೋದ ಹುಡುಗಿಗೆ 'ಅಲ್ಲ' ಎಂದ ದಿನ ಸಂಜೆ ನೇರ ದಾರಿಯಲ್ಲಿ ನಡೆದು ಅಣ್ಣನ ಮನೆಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದರು.

"ಯಾರು?"

"ನಾನಕ್ಕ, ಆ ಅಪಾರ್ಟ್‌ಮೆಂಟ್ ಗೇಟಲ್ಲಿದ್ದೋನು."

"ಗೊತ್ತು. ಮಣ್ಣಿಗೆ ಬಂದಿದ್ರಿ. ಹಿಂದುಗಡೆ ನಿಂತಿದ್ರಿ."

ನಾನು ಚಾಕುವನ್ನು ಜಗಲಿಯ ಮೇಲೆ ಇಟ್ಟೆ. ಅವರ ಕೈ ಸೊಪ್ಪಿನ ಮೇಲೆ ನಿಂತಿತು. ಚಾಕುವನ್ನು ನೋಡಿ, "ಬಂತಾ" ಎಂದರು.

"ನನ್ನ ಹತ್ರ ಇದೆ ಅಂತ ನಿಮಗೆ ಗೊತ್ತಿತ್ತಾ ಅಕ್ಕ?"

"ಕೊಟ್ಟೋರು ನನ್ ಗಂಡ. ನಂಗೊತ್ತಿರಾಕಿಲ್ವಾ?"

"ಮತ್ತೆ ಅವರು ಯಾಕೆ ಹೇಳ್ಲಿಲ್ಲ?"

"ನಾನೂ ಅದೇ ಕೇಳ್ದೆ. ಓಗಿ ಏಳ್ಬುಟ್ಟು ಬನ್ನಿ ಅಂದೆ. 'ಕೈಯಿಂದ ಕೈಗೆ ಕೊಟ್ಬುಟ್ಟೆ ಕಣೆ, ಆ ತಪ್ಪು ನಂದು. ಈಗ ನಾನ್ ಬಾಯ್ ಬುಟ್ರೆ ಜಗಳ ಆಗೇ ಆಯ್ತದೆ. ಅವ್ನೇ ತಂದು ಕೆಳಗಿಡ್ತಾನೆ, ಕಾಯಾನ' ಅಂದ್ರು." ಅವರು ಒಂದು ದಂಟು ಮುರಿದು ಪಕ್ಕಕ್ಕೆ ಹಾಕಿದರು. "ಕಾದ್ರು. ಇಲ್ಲೇ, ನೀವ್ ನಿಂತಿದ್ದೀರಲ್ಲ, ಆ ಕಡೀಕೆ ಮುಖ ಮಾಡ್ಕಂಡು."

ನಾನು ಕೈ ಮುಗಿದೆ. ಏನು ಹೇಳಿದೆನೋ ನೆನಪಿಲ್ಲ. ಅವರು ಚಾಕುವನ್ನು ಎತ್ತಿಕೊಂಡರು, ಸೆರಗಿನಿಂದ ಒರೆಸಿದರು, ಹಿಡಿಯ ಗುಳಿಯ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಅದನ್ನು ಹಿಡಿದ ಕೈಯನ್ನು ನನ್ನ ಕಡೆ ಚಾಚಿದರು.

"ತಗಳ್ಳಿ."

"ಕೆಳಗಿಡಿ ಅಕ್ಕ."

"ಇಡಾಕಿಲ್ಲ. ಕೈಯಿಂದ್ಲೇ ತಗಳ್ಳಿ. ಅವ್ರು ಜಗಳ ಬ್ಯಾಡ ಅಂದ್ರು. ನಂಗೆ ಬೇಕು." ಅವರ ದನಿ ಏರಲಿಲ್ಲ. "ಎಲ್ರ ಮುಂದೆ ಮಗೀನ್ ಕೈ ಮುರುದೋನು ಅನ್ನಿಸ್ಕಂಡು ಬಂದ್ರಲ್ಲ, ಅಲ್ಲೇ ಓಗಿ ಏಳಿ. ಅಂಗೇ ಎಲ್ರ ಮುಂದೆ. ಅಲ್ಲೀವರ್ಗೂ ನಂಗೂ ನಿಮ್ಗೂ ಜಗಳ. ಏಳಿ ಬಂದ್ಮೇಲೆ ತಂದು ಕೆಳಗಿಡಿ."

ಚಾಚಿದ ಕೈ ಚಾಚಿಯೇ ಇತ್ತು. ತೆಗೆದುಕೊಂಡೆ.

ಆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಈಗ ರಿಜಿಸ್ಟರ್ ಇಲ್ಲ. ಫೋನ್ ಹಿಡಿದ ಗಾರ್ಡು "ಯಾವ ಫ್ಲ್ಯಾಟು ತಾತ?" ಎಂದ. ಯಾವುದೂ ಇಲ್ಲ, ಒಂದು ಮಾತು ಹೇಳಬೇಕು ಎಂದೆ. "ಮಾತು ಅಂತ ಆಪ್ಶನ್ ಇಲ್ಲ" ಎಂದು ನಕ್ಕ. ಎರಡು ಭಾನುವಾರ ಹಾಗೇ ಹಿಂದಿರುಗಿದೆ. ಮೂರನೇ ಭಾನುವಾರ ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದ ಹಳೆಯ ಸೆಕ್ರೆಟರಿ ನನ್ನನ್ನು ಗುರುತಿಸಿದರು. ಅವರಿಗೂ ಕೂದಲು ನರೆತಿತ್ತು. ಮಾವಿನ ಮರದ ಕೆಳಗೆ ಮೇಜು ಕುರ್ಚಿ ಹಾಕಿ ತಿಂಗಳ ಮೀಟಿಂಗ್ ನಡೆಯುವುದಿತ್ತು. ಒಳಗೆ ಕರೆದುಕೊಂಡು ಹೋದರು.

ಹದಿನೈದು ಜನ ಇದ್ದರು. ಹೆಚ್ಚಿನವರು ಹೊಸಬರು. ನಿಂತುಕೊಂಡು ಹೇಳಿದೆ. ಚಾಕು ಕೇಳಿದ್ದು, ಹಗ್ಗ ಕೊಯ್ದದ್ದು, ಜೇಬಿನಲ್ಲಿ ಇಟ್ಟುಕೊಂಡು ಚೀಲ ನೋಡಿದ್ದು, ಪೆನ್ಸಿಲ್ಲು. ಅರ್ಧದಲ್ಲಿ ಒಬ್ಬರು ಗಡಿಯಾರ ನೋಡಿ, "ಅಂಕಲ್, ನಾವಿನ್ನೂ ವಾಟರ್ ಟ್ಯಾಂಕರ್ ವಿಷಯ ಡಿಸ್ಕಸ್ ಮಾಡ್ಬೇಕು" ಎಂದರು.

"ಸ್ವಲ್ಪ ಸುಮ್ನಿರ್ರೀ" ಎಂದರು ಹಳೆಯ ಸೆಕ್ರೆಟರಿ. ಮುಗಿದ ಮೇಲೆ ಅವರು ಹಾಲಿನ ಪ್ಯಾಕೆಟ್ ಕೆಳಗಿಟ್ಟರು. "ಮಗಳ ಕೈ ಸರಿಹೋಯ್ತು. ಒಂದೇ ವರ್ಷದಲ್ಲಿ. ಅವರನ್ನ ನಾನು ಅವತ್ತು ಏನೇನು ಅಂದೆ, ನೆನಪಿದೆಯಾ ನಿಮಗೆ?"

"ಇದೆ ಸರ್."

"ನನಗೂ ಇದೆ." ಚಾಕು ತೋರಿಸಿ ಎಂದು ಕೈ ಚಾಚಿದರು. ನಾನು ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ. "ಒಂದು ಹಾಳೇಲಿ ಬರೆದುಕೊಡಿ. ನಾನೇ ಬೋರ್ಡಿಗೆ ಹಾಕ್ತೀನಿ" ಎಂದರು.

ಬರೆದುಕೊಟ್ಟೆ. ಹದಿನೈದು ದಿನ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ, ಟ್ಯಾಂಕರ್ ಬರುವ ಹೊತ್ತಿನ ಚೀಟಿಗೂ ನಾಯಿ ಸಾಕುವವರಿಗೆ ಕೊಟ್ಟ ಎಚ್ಚರಿಕೆಗೂ ನಡುವೆ ಇತ್ತಂತೆ. ಆ ಒಂದು ಹಾಳೆಯಲ್ಲಿ ಹಿಡಿಯದ್ದನ್ನು ಇಲ್ಲಿ ಬರೆದಿದ್ದೇನೆ.

ಬರೆದುಕೊಟ್ಟ ದಿನವೇ ಮನೆಯಲ್ಲಿ ಆ ಉದ್ದದ ಉಗುರನ್ನು ಕತ್ತರಿಸಿಕೊಂಡೆ. ಸಂಜೆ ಅಕ್ಕನ ಮನೆಗೆ ಹೋಗಿ ಚಾಕುವನ್ನು ಜಗಲಿಯ ಮೇಲೆ ಇಟ್ಟೆ. "ಹೇಳ್ದೆ ಅಕ್ಕ" ಎಂದೆ. ಅವರು "ಊಂ" ಎಂದರು. ಎತ್ತಿಕೊಳ್ಳಲಿಲ್ಲ. ಹೊತ್ತು ಮುಳುಗಿತು, ದೀಪ ಹಚ್ಚಲು ಎದ್ದರು.

"ಒಳಗಿಟ್ಕೊಳ್ಳಿ ಅಕ್ಕ. ಬೀದಿ ಜಗಲಿ, ಯಾರಾದ್ರೂ ತಗೊಂಡು ಹೋದ್ರೆ?"

"ತಗಳೋರು ತಗಂಡಾಯ್ತಲ್ಲ" ಎಂದು ಹೇಳಿ ಒಳಗೆ ಹೋದರು.

ಈಗ ನಾನು ದಿನಾ ಆ ಬೀದಿಯಲ್ಲೇ ನಡೆಯುತ್ತೇನೆ. ಇವತ್ತು ಬೆಳಿಗ್ಗೆಯೂ ಹೋಗಿದ್ದೆ. ಜಗಲಿಯನ್ನು ಗುಡಿಸಿ, ನೀರು ಹಾಕಿ ಒರೆಸಿದ್ದರು. ಕೆಂಪು ನೆಲ ಇನ್ನೂ ಒದ್ದೆಯಾಗಿತ್ತು. ಚಾಕು ನಾನು ಇಟ್ಟಲ್ಲೇ ಇತ್ತು, ಅದರ ಸುತ್ತ ಒಂದು ಅಂಗೈ ಅಗಲದ ಜಾಗ ಮಾತ್ರ ಒರೆಸದೆ ಒಣಗೇ ಉಳಿದಿತ್ತು.